ಸಂಬಳವಿಲ್ಲದ ಗುರುವಾರ

— ಚಿಕ್ಕಮ್ಮ, ಭಾನುವಾರ ರಾತ್ರಿ ಹತ್ತು ಗಂಟೆ ಆಯ್ತು. ಇನ್ನೂ ಏನು ಬರೀತಾ ಕೂತಿದ್ದೀಯ?

— ಬರೀತಿಲ್ಲ ಕಣೇ, ಲೆಕ್ಕ ನೋಡ್ತಿದ್ದೀನಿ. ಬಾ, ಕೂತ್ಕೋ. ಈ ಪುಸ್ತಕದ ಎಡಗಡೆ ಪುಟದಲ್ಲಿ ಲೇಖನ ಕಳಿಸಿದ ತಾರೀಖು, ಬಲಗಡೆ ಪುಟದಲ್ಲಿ ದುಡ್ಡು ಬಂದ ತಾರೀಖು. ಎಡಗಡೆ ಪೂರ್ತಿ ತುಂಬಿದೆ. ಬಲಗಡೆ ಎಷ್ಟು ಸಾಲು ಖಾಲಿ ಇದೆ, ಎಣಿಸು.

— ಹನ್ನೊಂದು. ಇದರಲ್ಲಿ ಒಂದು ಫೆಬ್ರವರಿದು! ಈಗ ಜುಲೈ ಅಲ್ವಾ?

— ಹೌದು. ಕೆಲಸ ಬಿಟ್ಟು ಸ್ವತಂತ್ರವಾಗಿ ಬರೀತೀನಿ ಅಂತ ಹೊರಟಾಗ ನನಗೆ ಬರೆಯೋದು ಗೊತ್ತಿತ್ತು, ಈ ಬಲಗಡೆ ಪುಟ ಗೊತ್ತಿರ್ಲಿಲ್ಲ. ನೀನು ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಬಂದಿದ್ದೀಯ, ನನ್ನ ಹಾಗೇ ತಂತ್ರಜ್ಞಾನದ ಬಗ್ಗೆ ಬರೀತೀನಿ ಅಂತೀಯ. ಅದಕ್ಕೇ ಮೊದಲು ಇದನ್ನೇ ತೋರಿಸ್ತಿದ್ದೀನಿ.

— ನಮ್ಮ ಕ್ಲಾಸಲ್ಲಿ ಎಲ್ರೂ ಅಂದ್ಕೊಂಡಿರೋದೇ ಬೇರೆ. ದೊಡ್ಡ ಹೋಟೆಲಲ್ಲಿ ಹೊಸ ಫೋನಿನ ಬಿಡುಗಡೆ, ಊಟ, ಬರುವಾಗ ಕೈಗೊಂದು ಫೋನು.

— ಅದು ವಾರದಲ್ಲಿ ಒಂದು ಮಧ್ಯಾಹ್ನ. ಹೆಚ್ಚಾಗಿ ಬುಧವಾರ. ಕೈಗೆ ಕೊಡೋ ಫೋನು ನಮ್ಮದಲ್ಲ, ಎರಡು ವಾರ ಇಟ್ಕೊಂಡು ನೋಡಿ ವಾಪಸ್ ಕಳಿಸಬೇಕು. ಇಂಥ ದಿನ ಇಷ್ಟು ಗಂಟೆಗೆ ಮುಂಚೆ ಒಂದಕ್ಷರ ಪ್ರಕಟಿಸಬಾರದು ಅಂತ ಷರತ್ತಿರುತ್ತೆ, ಎಂಬಾರ್ಗೋ ಅಂತಾರೆ. ಅದನ್ನ ಒಪ್ಪಿಕೊಂಡ ಮೇಲೆ ಪಾಲಿಸಬೇಕು. ಫೋನು ಕಂಪನಿ ಕೊಟ್ಟಿದ್ದು, ವಾಪಸ್ ಕೊಟ್ಟಾಗಿದೆ ಅಂತ ಲೇಖನದ ಕೊನೆಯಲ್ಲಿ ಬರೀತೀನಿ. ಓದುಗರಿಗೆ ಅದು ಗೊತ್ತಿರಬೇಕು.

— ಎರಡು ವಾರ ಏನು ನೋಡ್ತೀಯ ಅದರಲ್ಲಿ? ಕ್ಯಾಮೆರಾ, ಬ್ಯಾಟರಿ?

— ಅವನ್ನ ಇಂಗ್ಲಿಷಲ್ಲಿ ನೂರು ಜನ ನೋಡಿರ್ತಾರೆ. ನಾನು ಮೊದಲು ಭಾಷೆಯನ್ನ ಕನ್ನಡಕ್ಕೆ ಬದಲಾಯಿಸ್ತೀನಿ. ಆಮೇಲೆ ನೋಟಿಫಿಕೇಶನ್ ಸಾಲು ನೋಡ್ತೀನಿ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆಯಲ್ಲ, ಸಾಲಿನ ಎತ್ತರವನ್ನ ಇಂಗ್ಲಿಷ್ ಅಕ್ಷರಕ್ಕೆ ಅಳೆದಿಟ್ಟಿದ್ರೆ ಆ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತೆ. ಒತ್ತು ಹೋದ ಪದವನ್ನ ಊಹೆ ಮಾಡಿ ಓದಬೇಕು. ಆಮೇಲೆ ಮಟಮಟ ಮಧ್ಯಾಹ್ನ ಬಸ್ ಸ್ಟಾಪಲ್ಲಿ ನಿಂತು ಪರದೆ ಕಾಣುತ್ತಾ ಅಂತ ನೋಡ್ತೀನಿ. ಕೊನೆಗೆ ನಿಮ್ಮಜ್ಜಿ ಕೈಗೆ ಕೊಡ್ತೀನಿ. ಅವರು ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದ್ರೆ ಅದೇ ಮಾತು ಬರಹದಲ್ಲಿ ಬರುತ್ತಾ? ಇದು ಪೆಟ್ಟಿಗೆ ಮೇಲೆ ಬರೆದಿರಲ್ಲ. ಸಂಬಳದ ದುಡ್ಡು ಕೂಡಿಟ್ಟು ಫೋನು ತಗೊಳ್ಳೋರಿಗೆ ಬೇಕಾಗಿರೋದು ಇದೇ.

— ಸೋಮವಾರದಿಂದ ಹೇಳು. ವಾರ ಹೇಗೆ ಶುರುವಾಗುತ್ತೆ?

— ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ಐಡಿಯಾಗಳನ್ನ ಕಳಿಸಿಬಿಡ್ತೀನಿ, ಸಂಪಾದಕರು ಮೀಟಿಂಗಿಗೆ ಹೋಗೋದಕ್ಕೆ ಮೊದಲು. ಒಂದೊಂದಕ್ಕೆ ಮೂರೇ ಸಾಲು: ಏನಾಗಿದೆ, ನಿಮ್ಮ ಓದುಗರಿಗೆ ಯಾಕೆ ಬೇಕು, ನಾನು ಯಾರನ್ನ ಮಾತಾಡಿಸ್ತೀನಿ. ಐದು ಕಳಿಸಿದ್ರೆ ಒಂದಕ್ಕೆ ಹೂಂ ಅಂತಾರೆ, ಒಂದಕ್ಕೆ ಬೇಡ ಅಂತಾರೆ. ಮೂರಕ್ಕೆ ಉತ್ತರವೇ ಬರಲ್ಲ. ಬೇಡ ಅಂದ್ರೆ ಬೇರೆಯವರಿಗೆ ಕಳಿಸಬಹುದು. ಉತ್ತರ ಬರದೇ ಇದ್ದದ್ದನ್ನ ಯಾರಿಗೂ ಕಳಿಸೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ. ಕಾಯಬೇಕು, ಅಷ್ಟರಲ್ಲಿ ಸುದ್ದಿ ಹಳತಾಗುತ್ತೆ.

— ಮಂಗಳವಾರ ಅಂಕಣ ಅಲ್ವಾ? ಆವತ್ತು ನೀನು ಫೋನೇ ಎತ್ತಲ್ಲ ಅಂತ ಅಮ್ಮ ಹೇಳ್ತಿರ್ತಾಳೆ.

— ಅಂಕಣ ಬರೆಯೋದು ಎರಡು ಗಂಟೆ ಕೆಲಸ. ಪದ ಹುಡುಕೋದು ಉಳಿದ ಹೊತ್ತೆಲ್ಲ. ಎನ್‌ಕ್ರಿಪ್ಷನ್‌ಗೆ ಗೂಢಲಿಪೀಕರಣ ಅಂತ ಬರೆದ್ರೆ ಓದುಗರು ಅಲ್ಲೇ ನಿಂತ್ಬಿಡ್ತಾರೆ. ಬರೀ ಎನ್‌ಕ್ರಿಪ್ಷನ್ ಅಂತ ಬರೆದು ಮುಂದೆ ಹೋದ್ರೆ ಅರ್ಥ ಅಲ್ಲೇ ಉಳಿಯುತ್ತೆ. ನಾನು ಎನ್‌ಕ್ರಿಪ್ಷನ್ ಅಂತಲೇ ಬರೆದು, ನೀವು ಬೀಗ ಹಾಕಿ ಕಳಿಸಿದ ಪೆಟ್ಟಿಗೆಗೆ ಕೀಲಿ ಇರೋದು ತಗೊಳ್ಳೋರ ಹತ್ರ ಮಾತ್ರ, ದಾರಿಯಲ್ಲಿ ಹೊತ್ತುಕೊಂಡು ಹೋಗೋನ ಹತ್ರ ಇಲ್ಲ ಅಂತ ಮುಂದಿನ ವಾಕ್ಯದಲ್ಲೇ ಹೇಳ್ತೀನಿ. ಆ ಒಂದು ವಾಕ್ಯಕ್ಕೆ ಅರ್ಧ ದಿನ ಹೋದ ದಿನವೂ ಇದೆ. ಇನ್ನು ಆ ರ‍್ಯಾಮ್!

— ರ‍್ಯಾಮ್‌ಗೇನಾಯ್ತು?

— ಇಲ್ಲಿ ನೋಡು, ಎರಡು ಸಲ ಟೈಪ್ ಮಾಡ್ತೀನಿ. ಮೊದಲನೇದು ರ್ಯಾಮ್, ಎರಡನೇದು ರ‍್ಯಾಮ್. ಮೊದಲನೇದು ಕಾರ್ಯಾಲಯ ಅನ್ನೋದರಲ್ಲಿ ಬರುತ್ತಲ್ಲ, ಆ ಅರ್ಕಾವೊತ್ತು. ಎರಡನೇದರಲ್ಲಿ ರ ಪೂರ್ತಿ ನಿಂತು ಯ ಕೆಳಗೆ ಬಂದಿದೆ. ಯೂನಿಕೋಡಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿದ್ರೆ ಮಾತ್ರ ಎರಡನೇದು ಬರುತ್ತೆ, ಅದಕ್ಕೆ ಜೀರೋ ವಿಡ್ತ್ ಜಾಯ್ನರ್ ಅಂತ ಹೆಸರು. ನಾನು ಹಾಕಿ ಕಳಿಸ್ತೀನಿ. ಕೆಲವು ಕಡೆ ಪುಟ ಕಟ್ಟೋದು ಇವತ್ತಿಗೂ ಹಳೇ ನುಡಿ ಫಾಂಟಲ್ಲೇ. ಯೂನಿಕೋಡಿಂದ ಅದಕ್ಕೆ ಬದಲಾಯಿಸುವಾಗ ಆ ಕಾಣದ ಸಂಕೇತ ಬಿದ್ದು ಹೋದ್ರೆ, ಬೆಳಿಗ್ಗೆ ಅಚ್ಚಾಗಿ ಬರೋದು ಅರ್ಕಾವೊತ್ತಿನ ರ್ಯಾಮ್. ಫೋನಿನ ಬಗ್ಗೆ ಬರೆದ ಒಂದು ಲೇಖನದಲ್ಲಿ ಆ ಪದ ಎಷ್ಟು ಸಲ ಬರುತ್ತೆ ಹೇಳು! ಅದಕ್ಕೇ ಮಂಗಳವಾರ ಸಂಜೆ ಡೆಸ್ಕಿಗೆ ಫೋನ್ ಮಾಡಿ ಪುಟದ ಪಿಡಿಎಫ್ ತರಿಸ್ಕೊಂಡು ಓದ್ತೀನಿ. ಕೆ.ಪಿ. ರಾವ್ ಅವರಂಥೋರು ಕನ್ನಡಕ್ಕೆ ಕೀಲಿಮಣೆ ಮಾಡಿಕೊಟ್ಟರು, ಪವನಜ ಅವರು 1996ರಲ್ಲೇ ಕನ್ನಡವನ್ನ ಅಂತರಜಾಲಕ್ಕೆ ತಂದ್ರು. ಅವರು ಅಷ್ಟು ಮಾಡಿದ ಮೇಲೆ ಒಂದು ಒತ್ತು ಸರಿಯಾಗಿ ಬೀಳೋ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ.

— ರಾತ್ರಿನೂ ಎದ್ದಿರ್ತೀಯಂತೆ?

— ಈ ಕೆಲಸದ ಗಡಿಯಾರ ಕ್ಯಾಲಿಫೋರ್ನಿಯಾದ್ದು. ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ಭದ್ರತಾ ತೇಪೆಗಳನ್ನ ಬಿಡುತ್ತೆ, ಅಲ್ಲಿ ಬೆಳಿಗ್ಗೆ ಹತ್ತು. ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಆಪಲ್‌ನೋರ ಸೆಪ್ಟೆಂಬರ್ ಸಮಾರಂಭವೂ ಅದೇ ಹೊತ್ತಿಗೆ. ಆದ್ರೆ ಎಲ್ಲಾ ಸುದ್ದಿನೂ ಹೀಗೆ ಹೇಳಿ ಬರಲ್ಲ. 2024ರ ಜುಲೈ 19 ನೆನಪಿದೆಯಾ? ಶುಕ್ರವಾರ.

— ಕಂಪ್ಯೂಟರೆಲ್ಲ ನೀಲಿ ಆಗಿದ್ದು! ಏರ್‌ಪೋರ್ಟಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದು ಕೊಟ್ಟಿದ್ದ ಫೋಟೋ ನಮ್ಮ ಗ್ರೂಪಲ್ಲೆಲ್ಲ ಓಡಾಡ್ತಿತ್ತು.

— ಅದೇ. ಆವತ್ತು ಹನ್ನೊಂದೂವರೆ ಹೊತ್ತಿಗೆ ನನಗೆ ನಾಲ್ಕು ಕಡೆಯಿಂದ ಫೋನ್. ಸೈಬರ್ ದಾಳಿ ಅಂತ ಟಿವಿಯಲ್ಲಿ ಬರ್ತಿದೆ, ಅರ್ಧ ಗಂಟೆಯಲ್ಲಿ ಆರುನೂರು ಪದ ಕೊಡಿ ಅಂತ. ಒಂದು ಕಡೆಯಂತೂ ತಲೆಬರಹ ಆಗಲೇ ಕೊಟ್ಟಿದ್ರು, ದಾಳಿ ಅಂತಲೇ. ನಾನು ಒಂದೂವರೆ ಗಂಟೆ ಬೇಕು ಅಂದೆ. ಅವರು ಬೇರೆಯವರ ಹತ್ರ ಬರೆಸಿದ್ರು. ಆ ದುಡ್ಡು ಹೋಯ್ತು.

— ಯಾಕೆ ಬರೀಲಿಲ್ಲ? ಎಲ್ರೂ ಅದನ್ನೇ ಬರೀತಿದ್ರಲ್ಲ.

— ಆವತ್ತು ಎರಡು ತೊಂದರೆ ಒಂದರ ಮೇಲೊಂದು ಬಿದ್ದಿದ್ವು. ಹಿಂದಿನ ರಾತ್ರಿ ಮೈಕ್ರೋಸಾಫ್ಟಿನ ಅಮೆರಿಕದ ಒಂದು ಕ್ಲೌಡ್ ಕೇಂದ್ರದಲ್ಲಿ ಅಡಚಣೆಯಾಗಿತ್ತು. ಅದು ಬೇರೆ. ಬೆಳಿಗ್ಗೆ ನಮ್ಮ ಸಮಯ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಒಂದು ಅಪ್‌ಡೇಟ್ ಕಳಿಸ್ತು. ಅದರಲ್ಲಿ ದೋಷ ಇತ್ತು. 78 ನಿಮಿಷದಲ್ಲಿ ವಾಪಸ್ ತಗೊಂಡ್ರು, ಅಷ್ಟರಲ್ಲಿ ಲೋಕದ ತುಂಬ ವಿಂಡೋಸ್ ಯಂತ್ರಗಳು ಕೆಟ್ಟಿದ್ವು. ಸುಮಾರು 85 ಲಕ್ಷ ಅಂತ ಮೈಕ್ರೋಸಾಫ್ಟ್ ಆಮೇಲೆ ಲೆಕ್ಕ ಕೊಡ್ತು. ಯಾರೂ ದಾಳಿ ಮಾಡಿರ್ಲಿಲ್ಲ. 21 ಮಾಹಿತಿ ಬೇಕಾದ ಕಡೆ 20 ಮಾತ್ರ ಸಿಗ್ತಿತ್ತು, ಇಪ್ಪತ್ತೊಂದನೇದನ್ನ ಹುಡುಕಿಕೊಂಡು ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈ ಹಾಕಿ ಬಿದ್ದು ಹೋಯ್ತು. ಬಿದ್ದ ಯಂತ್ರಗಳಲ್ಲಿ ಎಷ್ಟೋ ಯಂತ್ರದ ಮುಂದೆ ಒಬ್ಬೊಬ್ಬರು ಕೂತು ಸೇಫ್ ಮೋಡಲ್ಲಿ ತೆರೆದು ಆ ಫೈಲನ್ನ ತೆಗೀಬೇಕಾಯ್ತು. ನಮ್ಮ ಬೆಂಗಳೂರಿನ ಐಟಿ ಸಪೋರ್ಟ್ ಹುಡುಗರಿಗೆ ಶನಿವಾರ, ಭಾನುವಾರ ಎರಡೂ ಹೋಯ್ತು. ನಾನು ಅವರಲ್ಲಿ ಮೂವರನ್ನ ಮಾತಾಡಿಸಿ ಶನಿವಾರ ಬರೆದೆ. ದಾಳಿ ಅಂತ ಶುಕ್ರವಾರ ಬರೆದಿದ್ರೆ, ಬ್ಯಾಂಕಲ್ಲಿರೋ ದುಡ್ಡಿಗೇನಾಯ್ತೋ ಅಂತ ಎಷ್ಟು ಜನ ಹೆದರ್ತಿದ್ರು! ತಡವಾದ ಲೇಖನಕ್ಕೆ ಬೆಲೆ ಕಮ್ಮಿ ಅನ್ನೋದು ನಿಜ. ಸುಳ್ಳಾದ ಲೇಖನ ಮಾತ್ರ ಬರೀಬಾರದು.

— ಗುರುವಾರ ಬಿಟ್ಟೆ ನೋಡು. ನಿನ್ನ ಕ್ಯಾಲೆಂಡರಲ್ಲಿ ಎಲ್ಲಾ ಗುರುವಾರದ ಮೇಲೂ ಕೆಂಪು ಗೆರೆ ಇದೆ. ರಜಾನಾ?

— ರಜಾ ಅಲ್ಲ. ಆವತ್ತಿನ ಕೆಲಸಕ್ಕೆ ಯಾರೂ ದುಡ್ಡು ಕೊಡಲ್ಲ. ನನ್ನ ಮಟ್ಟಿಗೆ ವಾರದ ಮುಖ್ಯ ದಿನ ಅದೇ. ಅದು ಶುರುವಾದದ್ದು ನನ್ನದೇ ಒಂದು ತಪ್ಪಿನಿಂದ.

— ಏನು ತಪ್ಪು?

— 2023ರಲ್ಲಿ ಒಂದು ಬಗೆ ಮೋಸ ಕರ್ನಾಟಕದಲ್ಲಿ ಹಬ್ಬಿತ್ತು. ಜನರ ಖಾತೆಯಿಂದ ದುಡ್ಡು ಹೋಗ್ತಿತ್ತು, ಒಟಿಪಿ ಬರ್ತಿರ್ಲಿಲ್ಲ. ಆಧಾರ್ ಆಧಾರಿತ ಪಾವತಿ ಅಂತ ಒಂದು ವ್ಯವಸ್ಥೆ ಇದೆ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಹತ್ರ ದುಡ್ಡು ತೆಗೆಯೋಕೆ ಮಾಡಿದ್ದು. ಕಾರ್ಡ್ ಬೇಡ, ಪಿನ್ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಅಷ್ಟೇ. ಕಳ್ಳರು ಬೇರೆಯವರ ಬೆರಳಚ್ಚು ಸಂಪಾದಿಸಿ ದುಡ್ಡು ತೆಗೀತಿದ್ರು. ಸೈಟು, ಮನೆ ನೋಂದಣಿ ಮಾಡಿಸಿದ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತಲ್ಲ, ಅಲ್ಲಿಂದಲೇ ಹೋಗಿದೆ ಅನ್ನೋ ಅನುಮಾನ ಎದ್ದಿತ್ತು. ಆಗ ನಾನು, ಆಧಾರ್ ಪ್ರಾಧಿಕಾರದ ಎಂ-ಆಧಾರ್ ಆ್ಯಪಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ ಅಂತ ಬರೆದೆ. ಹೇಗೆ ಮಾಡೋದು ಅಂತ ಒಂದೊಂದೇ ಹಂತ ಬಿಡಿಸಿ ಹೇಳಿದ್ದೆ. ಲೇಖನ ತುಂಬ ಓಡಾಡ್ತು.

— ಸರಿಯಾಗೇ ಬರೆದಿದ್ದೀಯಲ್ಲ.

— ಅರ್ಧ ಸರಿ. ಹದಿನೈದು ದಿನಕ್ಕೆ ತುಮಕೂರು ಕಡೆಯಿಂದ ಒಬ್ಬರು ಹೆಣ್ಣುಮಗಳು ಫೋನ್ ಮಾಡಿದ್ರು. ಮಗ ನನ್ನ ಲೇಖನ ಓದಿ ಮನೆಯವರದ್ದೆಲ್ಲ ಲಾಕ್ ಮಾಡಿ ಬೆಂಗಳೂರಿಗೆ ಹೊರಟುಬಿಟ್ಟಿದ್ದ. ಇವರು ಕೂಲಿ ಬಿಟ್ಟು ರೇಷನ್ ಅಂಗಡಿಗೆ ಹೋದ್ರೆ ಬೆರಳು ಕೂಡ್ತಾನೇ ಇಲ್ಲ. ಅಕ್ಕಿ ಇಲ್ದೆ ವಾಪಸ್ ಬಂದಿದ್ರು. ಲಾಕ್ ಮಾಡಿದವರು ಅಂಗಡಿಗೆ ಹೋಗೋ ಮುಂಚೆ ಅನ್‌ಲಾಕ್ ಮಾಡ್ಕೊಳ್ಳಬೇಕು ಅಂತ ನಾನು ಬರೆದೇ ಇರ್ಲಿಲ್ಲ. ಯಾಕಂದ್ರೆ ನಾನು ರೇಷನ್ ಅಂಗಡಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ಆ ಆ್ಯಪನ್ನ ಫೋನಲ್ಲಿ ನೋಡಿದ್ದೆ. ಅದು ಮುಟ್ಟೋ ಜನರ ದಿನವನ್ನ ನೋಡಿರ್ಲಿಲ್ಲ.

— ಅವರು ಬೈದ್ರಾ?

— ಇಲ್ಲ. 'ನೀವು ಬರೆದಿದ್ದು ಅಂತ ನಂಬಿ ಮಾಡಿದ್ವಿ ಮೇಡಂ' ಅಂದ್ರು, ಅಷ್ಟೇ. ಮಗನ ನಂಬರ್ ತಗೊಂಡು ಅನ್‌ಲಾಕ್ ಮಾಡಿಸಿದೆ, ಮುಂದಿನ ವಾರ ತಿದ್ದುಪಡಿ ಬರೆದೆ. ಅಲ್ಲಿಂದೀಚೆಗೆ ಗುರುವಾರ ನಾನು ಮನೇಲಿ ಕೂರಲ್ಲ. ನ್ಯಾಯಬೆಲೆ ಅಂಗಡಿ, ಸಬ್‌ರಿಜಿಸ್ಟ್ರಾರ್ ಆಫೀಸು, ಎಸ್.ಪಿ. ರೋಡಿನ ರಿಪೇರಿ ಅಂಗಡಿ. ಎಸ್.ಪಿ. ರೋಡಲ್ಲಿ ಒಂದು ಬೆಳಿಗ್ಗೆ ನಿಂತ್ರೆ ಯಾವ ಫೋನಿನ ಚಾರ್ಜಿಂಗ್ ಜಾಗ ಒಂದು ವರ್ಷಕ್ಕೇ ಸಡಿಲ ಆಗುತ್ತೆ, ಯಾವುದಕ್ಕೆ ಬಿಡಿಭಾಗ ಸಿಗಲ್ಲ ಅಂತ ಗೊತ್ತಾಗುತ್ತೆ. ಬಿಡುಗಡೆ ದಿನ ವೇದಿಕೆ ಮೇಲೆ ನಿಂತೋರು ಅದನ್ನ ಹೇಳಲ್ಲ.

— ಮೊನ್ನೆ ಗುರುವಾರ ಎಲ್ಲಿಗೆ ಹೋಗಿದ್ದೆ?

— ಇಲ್ಲೇ, ಎರಡು ರಸ್ತೆ ಆಚೆ, ನ್ಯಾಯಬೆಲೆ ಅಂಗಡಿಗೆ. ಎಪ್ಪತ್ತು ದಾಟಿದ ಒಬ್ಬರು ಅಜ್ಜಿ, ಮನೆಮನೆಯಲ್ಲಿ ಪಾತ್ರೆ ತೊಳೆದು ಬದುಕಿದವರು. ಬೆರಳಿಟ್ಟರು, ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಇಟ್ಟರು, ಒಪ್ಪಲಿಲ್ಲ. ಅಂಗಡಿಯವರು 'ತಲೆಗೆ ಒಂದ್ಸಲ ಸವರ್ಕೊಂಡು ಇಡಜ್ಜಿ' ಅಂದ್ರು. ತಲೆಗೂದಲಿನ ಎಣ್ಣೆ ಪಸೆ ಬೆರಳಿಗೆ ಹತ್ತಿದ್ರೆ ಸವೆದ ಗೆರೆಯೂ ಸ್ವಲ್ಪ ಮೂಡುತ್ತಂತೆ. ಅಜ್ಜಿ ಬೈತಲೆ ಹತ್ರ ಹೆಬ್ಬೆರಳನ್ನ ಎರಡು ಸಲ ಉಜ್ಜಿ, ಗಾಜಿನ ಮೇಲೆ ಇಟ್ಟು, ಉಸಿರು ಬಿಗಿಹಿಡಿದು ನಿಂತರು. ನಾಲ್ಕನೇ ಸಲಕ್ಕೆ ಆಯ್ತು. ಚೀಟಿ ಬರಬೇಕು ಅನ್ನುವಷ್ಟರಲ್ಲಿ ಸರ್ವರ್ ಡೌನ್. ಸಾಲಲ್ಲಿ ನಿಂತಿದ್ದೋರು ಯಾರೂ ಸಿಟ್ಟಾಗಲಿಲ್ಲ. ಚೀಲಗಳನ್ನ ಅಲ್ಲೇ ಸಾಲಾಗಿ ಇಟ್ಟು ಕಟ್ಟೆ ಮೇಲೆ ಕೂತ್ಕೊಂಡ್ರು. ಅಷ್ಟು ಅಭ್ಯಾಸ ಆಗಿಹೋಗಿದೆ.

— ಆಧಾರ್ ಬಗ್ಗೆ ನಮಗೆ ಒಂದು ಪಾಠವೇ ಇತ್ತು. 2010ರಲ್ಲಿ ಮಹಾರಾಷ್ಟ್ರದ ತೆಂಭ್ಲಿ ಅನ್ನೋ ಹಳ್ಳಿಯಲ್ಲಿ ಮೊದಲು ಕೊಟ್ಟಿದ್ದು, 2018ರ ಸುಪ್ರೀಂ ಕೋರ್ಟ್ ತೀರ್ಪು. ಈ ತಲೆಗೆ ಸವರೋದು ಇರ್ಲಿಲ್ಲ.

— ತೀರ್ಪನ್ನೂ ಓದಬೇಕು, ಅದರಿಂದ ತಪ್ಪಿಸಿಕೊಳ್ಳಬೇಡ. ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಕಡ್ಡಾಯ ಅಲ್ಲ, ಸರ್ಕಾರದ ಸವಲತ್ತಿಗೆ ಕೇಳಬಹುದು ಅಂತ ಬಹುಮತದ ತೀರ್ಪು ಹೇಳಿದ್ದು, ಒಬ್ಬರು ನ್ಯಾಯಮೂರ್ತಿ ಒಪ್ಪದೇ ಇದ್ದದ್ದು, ಎಲ್ಲಾ ಗೊತ್ತಿರಬೇಕು. ಆದ್ರೆ ಸವಲತ್ತಿಗೆ ಕೇಳಬಹುದು ಅನ್ನೋ ಮಾತು ನಮ್ಮ ಬೀದಿಗೆ ಇಳಿದಾಗ ಹೇಗಿರುತ್ತೆ ಅನ್ನೋದು ಆ ಅಜ್ಜಿ ಬೈತಲೆ ಹತ್ರ ಇದೆ. ಎರಡನ್ನೂ ಒಂದೇ ಲೇಖನದಲ್ಲಿ ತರೋನು ತಂತ್ರಜ್ಞಾನದ ಪತ್ರಕರ್ತ.

— ಮತ್ತೆ ಆ ಪ್ರಶ್ನೆ ಕೇಳ್ಲಾ? ಎಲ್ರೂ ಕೇಳ್ತಾರೆ. ಎಐ ಬಂದ ಮೇಲೆ ಇದನ್ನೆಲ್ಲ ಬರೆಯೋಕೆ ಮನುಷ್ಯರು ಬೇಕಾ?

— ನನ್ನ ಆದಾಯದ ಒಂದು ಭಾಗ ಹೋಗಿದೆ, ಮುಚ್ಚಿಡಲ್ಲ. ಪ್ರೆಸ್‌ನೋಟ್ ಕನ್ನಡಕ್ಕೆ ತರೋ ಕೆಲಸ ಮೊದಲು ವಾರಕ್ಕೆ ಮೂರ್ನಾಲ್ಕು ಬರ್ತಿತ್ತು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಎರಡು ವರ್ಷ ತುಂಬೋದರೊಳಗೆ ಆ ಕೆಲಸ ನಿಂತುಹೋಯ್ತು. ಡೆಸ್ಕಲ್ಲಿ ಎಂಟು ವರ್ಷ ನಾನು ಹೆಚ್ಚಾಗಿ ಮಾಡಿದ್ದೂ ಅದೇ. ಹೋದದ್ದು ಕಂಪನಿ ಹೇಳಿದ್ದನ್ನ ಕನ್ನಡದಲ್ಲಿ ಹೇಳೋ ಕೆಲಸ. ಅಂಗಡಿ ಮುಂದೆ ನಿಂತು ನೋಡೋ ಕೆಲಸ ಉಳಿದಿದೆ.

— ಆದ್ರೆ ಅದಕ್ಕೇ ದುಡ್ಡಿಲ್ಲ ಅಂದ್ಯಲ್ಲ.

— ಅದೇ ನನ್ನ ಸಂಕಟ ಕಣೇ. ಇಂಗ್ಲಿಷಲ್ಲಿ ಪದಕ್ಕಿಷ್ಟು ಅಂತ ಕೊಡ್ತಾರೆ, ಕನ್ನಡದಲ್ಲಿ ಲೇಖನಕ್ಕಿಷ್ಟು ಅಂತ ಸಂಭಾವನೆ. ಅದರಲ್ಲಿ ನೂರಕ್ಕೆ ಹತ್ತು ತೆರಿಗೆ ಹಿಡಿದುಕೊಂಡು ಕೊಡೋರೂ ಇದ್ದಾರೆ, ಅದನ್ನ ವಾಪಸ್ ಪಡೆಯೋಕೆ ರಿಟರ್ನ್ ಹಾಕಬೇಕು. ಲೇಖನಕ್ಕೋಸ್ಕರ ಎಷ್ಟು ದಿನ ಓಡಾಡಿದ್ದೀನಿ ಅಂತ ಯಾರೂ ಕೇಳಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಮಾಡಿದ್ದು ಸಂಸ್ಥೆಯ ನೌಕರಿಯಲ್ಲಿ ಇದ್ದೋರಿಗೆ. ಕೆಲಸ ಬಿಟ್ಟ ಮೇಲೆ ನನಗೆ ಅದರ ವೇತನ ಮಂಡಳಿಯೂ ಇರ್ಲಿಲ್ಲ, ರಜೆಯೂ ಇರ್ಲಿಲ್ಲ.

— ದುಡ್ಡು ಕೊಡದಿದ್ರೆ ಕೇಳೋಕೆ ಕಾನೂನೇ ಇಲ್ವಾ?

— ಇದೆ. ಆಧಾರ್ ಸಂಖ್ಯೆ ಕೊಟ್ಟು ಉದ್ಯಮ್ ಅಂತ ನೋಂದಣಿ ಮಾಡಿಸಿದ್ದೀನಿ, ಪುಕ್ಕಟೆ. ಕಿರು ಉದ್ಯಮಗಳಿಗೆ ಕೊಡಬೇಕಾದ ಹಣವನ್ನ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತೆ. ಮೀರಿದ್ರೆ ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆ ಹಾಕ್ತೀನಿ. ಆದ್ರೆ ಇಲ್ಲಿವರೆಗೆ ದೂರು ಕೊಟ್ಟಿಲ್ಲ. ಕೊಟ್ರೆ ಆ ಪತ್ರಿಕೆಯ ಬಾಗಿಲು ಮುಚ್ಚುತ್ತೆ, ಇರೋದೇ ನಾಲ್ಕೈದು ಬಾಗಿಲು. ಶನಿವಾರ ಪೂರ್ತಿ ಇದೇ. ಬಿಲ್ಲು, ಜ್ಞಾಪನಾ ಪತ್ರ, ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ.

— ಅದನ್ನೂ ಶನಿವಾರವೇ ಬರೀತೀಯಾ?

— ತಿಂಗಳಿಗೆ ಎರಡಾದ್ರೂ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಳೋದನ್ನ ಬಿಗಿಯಾಗಿ ಕೇಳೋಕೆ ಅದೇ ನನಗೆ ಕಲಿಸ್ತು. ಕಳೆದ ಆರು ತಿಂಗಳಲ್ಲಿ ಯಾವ ಯಾವ ದಿನ ನ್ಯಾಯಬೆಲೆ ಅಂಗಡಿಯ ಸರ್ವರ್ ನಿಂತಿತ್ತು, ಎಷ್ಟು ಗಂಟೆ, ಅಂತ ಕೇಳಿದ್ದೀನಿ. 30 ದಿನದಲ್ಲಿ ಉತ್ತರ ಬರಬೇಕು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನ ಬದಲಾಯಿಸಿದೆ, ವೈಯಕ್ತಿಕ ಅನ್ನೋ ಒಂದೇ ಮಾತಲ್ಲಿ ಇಲ್ಲ ಅನ್ನೋಕೆ ದಾರಿ ಅಗಲ ಆಯ್ತು. ಅದಕ್ಕೇ ನಾನು ಜನರ ಹೆಸರು ಕೇಳಲ್ಲ, ಯಂತ್ರದ ಲೆಕ್ಕ ಕೇಳ್ತೀನಿ.

— ಚಿಕ್ಕಮ್ಮ, ಈ ಹನ್ನೊಂದು ಸಾಲು ಖಾಲಿ ಇದ್ರೆ ಮುಂದಿನ ವಾರ ಏನು ಮಾಡ್ತೀಯ?

— ಒಂದು ಕಂಪನಿಯ ಬಳಕೆದಾರರ ಕೈಪಿಡಿ ಕನ್ನಡಕ್ಕೆ ತರೋ ಕೆಲಸ ಬಂದಿದೆ. ನಾನು ಆ ಕಂಪನಿ ಬಗ್ಗೆ ಯಾವತ್ತೂ ಬರೆಯೋದಿಲ್ಲ ಅಂತ ಸಂಪಾದಕರಿಗೆ ತಿಳಿಸಿಯೇ ಒಪ್ಪಿಕೊಳ್ತೀನಿ. ಐದು ದಿನದ ಕೆಲಸ. ಅಂಕಣ ಬಿಡೋ ಹಾಗಿಲ್ಲ. ಆ ವಾರದ ಗುರುವಾರ ಹೋಗುತ್ತೆ.

— ಅಂದ್ರೆ ಯಾರೋ ದುಡ್ಡು ತಡ ಮಾಡಿದ್ದಕ್ಕೆ ನೀನು ಆ ಅಂಗಡಿಗೆ ಹೋಗಲ್ಲ.

— ಸರಿಯಾಗಿ ಹಿಡಿದೆ. ತಡವಾದ ದುಡ್ಡು ಮೊದಲು ತಿನ್ನೋದು ಗುರುವಾರವನ್ನೇ. ಅಂಕಣ ನಿಲ್ಲಲ್ಲ, ಫೋನಿನ ವಿಮರ್ಶೆ ನಿಲ್ಲಲ್ಲ, ಪತ್ರಿಕೆಯ ಪುಟ ತುಂಬುತ್ತೆ. ಅಜ್ಜಿ ಬೆರಳಿನ ಸುದ್ದಿ ಬರಲ್ಲ, ಬರಲಿಲ್ಲ ಅಂತ ಯಾರಿಗೂ ಗೊತ್ತೂ ಆಗಲ್ಲ. ನೀನು ಬೇಗ ಕೆಲಸಕ್ಕೆ ಸೇರ್ತೀಯ, ಮುಂದೊಂದು ದಿನ ಪುಟ ನೋಡಿಕೊಳ್ಳೋ ಜಾಗದಲ್ಲಿ ಕೂರ್ತೀಯ. ಹೊರಗಿನಿಂದ ಬರೆಯೋರು ಸೋಮವಾರ ಮೂರು ಸಾಲು ಕಳಿಸಿದ್ರೆ ಬೇಕು, ಬೇಡ ಅಂತ ಬುಧವಾರದೊಳಗೆ ಹೇಳು. ಲೇಖನ ತಗೊಂಡ ಮೇಲೆ ಅವರ ಬಿಲ್ಲನ್ನ ನೀನೇ ಎದ್ದು ಹೋಗಿ ಅಕೌಂಟ್ಸ್ ವಿಭಾಗಕ್ಕೆ ಕೊಟ್ಟು ಬಾ, 45 ದಿನ ಆಗೋಕೆ ಬಿಡಬೇಡ.